ಒಂಬತ್ತು ಡಾಲರಿನ ಆರೋಪ, ಕೊನೆಯಿಲ್ಲದ ಬಂಧನ

1968ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಥಿಯಾನ್ ಜಾಕ್ಸನ್ ಎಂಬಾತನ ಮೇಲೆ ಎರಡು ಸುಲಿಗೆ ಪ್ರಕರಣಗಳು ದಾಖಲಾದವು. ಒಂದರಲ್ಲಿ ಹೋದದ್ದು ಕೈಚೀಲ ಮತ್ತು ಅದರೊಳಗಿನ ಸಾಮಾನು, ಬೆಲೆ ನಾಲ್ಕು ಡಾಲರ್. ಇನ್ನೊಂದರಲ್ಲಿ ಐದು ಡಾಲರ್ ನಗದು. ಆತನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಓದು ಬರಹವೂ ತಿಳಿದಿರಲಿಲ್ಲ. ಬುದ್ಧಿಯ ಬೆಳವಣಿಗೆ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಿನದು. ತನ್ನ ಮೇಲಿನ ಆರೋಪವೇನೆಂದು ಆತನಿಗೆ ಅರ್ಥವಾಗದು ಎಂದು ವೈದ್ಯರು ಹೇಳಿದರು. ಹಾಗಾದರೆ ಅರ್ಥವಾಗುವ ತನಕ ಸರ್ಕಾರದ ಸುಪರ್ದಿಯಲ್ಲಿರಲಿ ಎಂದಿತು ನ್ಯಾಯಾಲಯ. ಅಂಥ ದಿನ ಬರುವ ಲಕ್ಷಣ ಕಾಣುತ್ತಿಲ್ಲ ಎಂಬುದನ್ನೂ ವೈದ್ಯರು ಹೇಳಿದ್ದರು.

ಅಪರಾಧ ಸಾಬೀತಾಗದೆಯೇ ಇದು ಜೀವಾವಧಿ ಶಿಕ್ಷೆ ಎಂದು ಜಾಕ್ಸನ್ ಪರ ವಕೀಲರು ವಾದಿಸಿದರು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ವಿಚಾರಣೆ ಎದುರಿಸುವ ಸಾಮರ್ಥ್ಯ ಮರಳಲಿ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸಮಂಜಸ ಅವಧಿ ಮೀರಿ ಹಿಡಿದಿಡುವಂತಿಲ್ಲ ಎಂದು ತೀರ್ಪು ಬಂತು. ಸಮಂಜಸ ಅವಧಿ ಎಂದರೆ ಎಷ್ಟು ದಿನ ಎಂಬುದನ್ನು ಮಾತ್ರ ಕೋರ್ಟ್ ಹೇಳಲಿಲ್ಲ.

ಮಾನಸಿಕ ಅಸ್ವಸ್ಥರ ಪರ ವಕಾಲತ್ತು ವಹಿಸುವ ಪಬ್ಲಿಕ್ ಡಿಫೆಂಡರ್‌ಗಳ ಕಷ್ಟವೆಲ್ಲ ಇದೊಂದು ಪ್ರಕರಣದಲ್ಲಿ ಅಡಕವಾಗಿದೆ. ಪಬ್ಲಿಕ್ ಡಿಫೆಂಡರ್ ಎಂದರೆ ಸರ್ಕಾರದ ಸಂಬಳ ಪಡೆದು, ಸರ್ಕಾರವೇ ಹೂಡಿದ ಮೊಕದ್ದಮೆಯಲ್ಲಿ ಬಡ ಆರೋಪಿಯ ಪರ ನಿಲ್ಲುವ ವಕೀಲರು. ಇಂಥ ಆರೋಪಿಗಳಿಗಾಗಿ ಕಾನೂನು ಕಾಲಕಾಲಕ್ಕೆ ಕೊಟ್ಟ ರಕ್ಷಣೆಗಳು ಬಹುಪಾಲು ಬೀಗದ ಜೊತೆಗೇ ಬಂದಿವೆ. ಯಾವ ರಕ್ಷಣೆಯನ್ನು ಯಾವಾಗ ಕೇಳಬೇಕು, ಯಾವುದನ್ನು ಕೇಳದಿರುವುದೇ ಲೇಸು ಎಂದು ಲೆಕ್ಕ ಹಾಕುವುದು ಈ ವಕೀಲರ ಪಾಲಿಗೆ ಬಿದ್ದಿದೆ.

ಪ್ರಶ್ನೆ ಹಳೆಯದು. ಹಿಂದೆ ಇಂಗ್ಲೆಂಡಿನಲ್ಲಿ ಆರೋಪಿ ತಪ್ಪೊಪ್ಪಿಕೊಳ್ಳದೆ, ನಿರಾಕರಿಸದೆ ಸುಮ್ಮನೆ ನಿಂತರೆ ಮೊಕದ್ದಮೆ ಮುಂದಕ್ಕೆ ಸಾಗುತ್ತಿರಲಿಲ್ಲ. ಬಾಯಿ ಬಿಡಿಸಲು ಎದೆಯ ಮೇಲೆ ಭಾರ ಹೇರುವ ಪದ್ಧತಿಯಿತ್ತು. ಅದಕ್ಕೂ ಮೊದಲು, ಈತ ಹಟಕ್ಕೆ ಮೌನವಾಗಿದ್ದಾನೋ, ದೈವವೇ ಹೀಗೆ ಮಾಡಿದೆಯೋ ಎಂದು ತೀರ್ಮಾನಿಸಬೇಕಾಗಿತ್ತು. ಇಂದು ಮನೋವೈದ್ಯರು ಕೊಡುವ ಸಾಮರ್ಥ್ಯ ವರದಿಯ ಪೂರ್ವಜ ಈ ಪ್ರಶ್ನೆಯೇ.

ವಕೀಲರು ಕಣಕ್ಕಿಳಿದದ್ದು ಬಹಳ ತಡವಾಗಿ. 1893ರಲ್ಲಿ ಷಿಕಾಗೊ ವಿಶ್ವ ಮೇಳದ ಸಂದರ್ಭದಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ವಕೀಲೆ ಕ್ಲಾರಾ ಫೋಲ್ಟ್ಜ್ ಒಂದು ಪ್ರಸ್ತಾಪ ಮುಂದಿಟ್ಟರು: ಆರೋಪಿಸುವವರಿಗೆ ಸರ್ಕಾರ ಸಂಬಳ ಕೊಡುವುದಾದರೆ ಆರೋಪಿಯ ರಕ್ಷಕರಿಗೂ ಕೊಡಲಿ. 1914ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಅಂಥ ಮೊದಲ ಕಚೇರಿ ತೆರೆಯಿತು. ಉಳಿದೆಡೆ ಬಹುಕಾಲ ಏನೂ ಇರಲಿಲ್ಲ. 1942ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯಗಳ ನ್ಯಾಯಾಲಯಗಳು ಎಲ್ಲ ಬಡವರಿಗೂ ವಕೀಲರನ್ನು ಕೊಡಬೇಕಿಲ್ಲ, ವಿಶೇಷ ಪರಿಸ್ಥಿತಿ ಇದ್ದರಷ್ಟೇ ಸಾಕು ಎಂದಿತು. ಮನಸ್ಸಿನ ಅಸ್ವಾಸ್ಥ್ಯವೂ ಆ ವಿಶೇಷಗಳಲ್ಲಿ ಒಂದು. ಅಂದರೆ ತನಗೆ ಮನಸ್ಸು ಸರಿಯಿಲ್ಲ, ಆದ್ದರಿಂದ ವಕೀಲರು ಬೇಕು ಎಂದು ಮನಸ್ಸು ಸರಿಯಿಲ್ಲದವನೇ, ವಕೀಲರಿಲ್ಲದೆ, ನ್ಯಾಯಾಧೀಶರಿಗೆ ಮನದಟ್ಟು ಮಾಡಬೇಕಿತ್ತು! ಈ ಅಸಂಗತವನ್ನು 1954ರ ಮ್ಯಾಸಿ ಪ್ರಕರಣದಲ್ಲಿ ಕೋರ್ಟೇ ಸ್ವಲ್ಪ ಸಡಿಲಿಸಿತು. ವಕೀಲರ ನೆರವಿದ್ದರೆ ವಿಚಾರಣೆ ಎದುರಿಸಬಲ್ಲ ವ್ಯಕ್ತಿ, ನೆರವಿಲ್ಲದೆ ಎದುರಿಸಲಾರದವನೂ ಆಗಿರಬಹುದು ಎಂದು ಅದು ಗುರುತಿಸಿತು.

1963ರಲ್ಲಿ ಎರಡು ಘಟನೆಗಳು ನಡೆದವು. ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಆಗ ಎಲ್ಲರೂ ಭಾವಿಸಿರಬೇಕು. ಮಾರ್ಚ್ 18ರಂದು ಗಿಡಿಯನ್ ತೀರ್ಪು ಬಂತು. ಫ್ಲಾರಿಡಾದ ಜೈಲಿನಿಂದ ಪೆನ್ಸಿಲ್‌ನಲ್ಲಿ ಅರ್ಜಿ ಬರೆದು ಕಳಿಸಿದ ಕೈದಿಯಿಂದಾಗಿ, ಗಂಭೀರ ಆರೋಪ ಹೊತ್ತ ಪ್ರತಿಯೊಬ್ಬ ಬಡವನಿಗೂ ಸರ್ಕಾರಿ ಖರ್ಚಿನ ವಕೀಲರು ಸಿಗುವಂತಾಯಿತು. ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ಮೂರು ವಾರಗಳಲ್ಲಿ ಅವರ ಹತ್ಯೆಯಾಯಿತು. 1955ರಲ್ಲಿ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.59 ಲಕ್ಷ ರೋಗಿಗಳಿದ್ದರು. ಕ್ಲೋರ್‌ಪ್ರೊಮಜಿನ್‌ನಂಥ ಹೊಸ ಔಷಧಗಳ ಭರವಸೆಯಲ್ಲಿ ಅವರನ್ನು ಹೊರಗೆ ಕಳಿಸಿ, ಊರೂರಿನ ಕೇಂದ್ರಗಳಲ್ಲಿ ನೋಡಿಕೊಳ್ಳುವುದು ಯೋಜನೆಯಾಗಿತ್ತು. ಆಸ್ಪತ್ರೆಗಳು ಬರಿದಾದವು. ಯೋಜಿಸಿದ್ದ ಕೇಂದ್ರಗಳಲ್ಲಿ ಅರ್ಧದಷ್ಟು ಮಾತ್ರ ತಲೆಯೆತ್ತಿದವು. 1972ರ ಹೊತ್ತಿಗೇ ಕ್ಯಾಲಿಫೋರ್ನಿಯಾದ ಮನೋವೈದ್ಯ ಮಾರ್ಕ್ ಏಬ್ರಮ್ಸನ್, ಕಾಯಿಲೆಯ ನಡವಳಿಕೆಯೇ ಅಪರಾಧವಾಗಿ ದಾಖಲಾಗುತ್ತಿದೆ ಎಂದು ಬರೆದರು. ಆಸ್ಪತ್ರೆಯ ಬಾಗಿಲು ಮುಚ್ಚಿತು, ವಕೀಲರ ಕಚೇರಿಯ ಬಾಗಿಲು ತೆರೆಯಿತು. ಅಲ್ಲಿಂದ ಹೊರಬಿದ್ದವರಲ್ಲಿ ಅನೇಕರು ಇಲ್ಲಿಗೆ ಬಂದು ಸೇರಿದರು.

ಇಂಥವರ ಮೊಕದ್ದಮೆ ಎಂದೊಡನೆ ಜನರಿಗೆ ನೆನಪಾಗುವುದು ಚಿತ್ತಭ್ರಮಣೆಯ ವಾದ, ಅಂದರೆ ಕೃತ್ಯದ ವೇಳೆ ಮನಸ್ಸು ಸ್ವಸ್ಥವಾಗಿರಲಿಲ್ಲ, ಆದ್ದರಿಂದ ಆರೋಪಿ ಹೊಣೆಯಲ್ಲ ಎಂಬ ವಾದ. ಬ್ರಿಟನ್ ಪ್ರಧಾನಿಯ ಕಾರ್ಯದರ್ಶಿಯನ್ನು ಕೊಂದ ಮೆಕ್‌ನಾಟನ್‌ನ 1843ರ ಪ್ರಕರಣದಿಂದ ಅದರ ನಿಯಮ ಬಂತು. ಅಧ್ಯಕ್ಷ ರೇಗನ್‌ಗೆ ಗುಂಡು ಹಾರಿಸಿದ ಹಿಂಕ್ಲಿ 1982ರಲ್ಲಿ ಇದೇ ವಾದದಿಂದ ಖುಲಾಸೆಯಾದಾಗ ಎದ್ದ ಸಿಟ್ಟಿಗೆ ಫೆಡರಲ್ (ಕೇಂದ್ರ) ಕಾನೂನು 1984ರಲ್ಲಿ ಬಿಗಿಯಾಯಿತು. ಕನ್ಸಾಸ್, ಐಡಹೊ, ಮೊಂಟಾನಾ, ಯೂಟಾ ರಾಜ್ಯಗಳು ಆ ವಾದದ ಸಾಂಪ್ರದಾಯಿಕ ರೂಪವನ್ನೇ ಕೈಬಿಟ್ಟಿವೆ. ಪತ್ರಿಕೆಗಳಿಗೆ ಇದು ರೋಚಕ ವಸ್ತು. ವಕೀಲರ ದಿನನಿತ್ಯದಲ್ಲಿ ಮಾತ್ರ ಇದರ ಪಾಲು ತೀರಾ ಕಡಿಮೆ. ಅವರ ನಿದ್ದೆ ಕೆಡಿಸುವುದು ಬೇರೊಂದು ಪ್ರಶ್ನೆ. ಆರೋಪಿ ಅಂದು ಯಾವ ಮನಃಸ್ಥಿತಿಯಲ್ಲಿದ್ದ ಎಂಬುದಲ್ಲ, ಇಂದು ಯಾವ ಸ್ಥಿತಿಯಲ್ಲಿದ್ದಾನೆ ಎಂಬುದು.

ಆ ಪ್ರಶ್ನೆಗೆ ಅಳತೆಗೋಲು ಬಂದದ್ದು 1960ರ ಡಸ್ಕಿ ತೀರ್ಪಿನಲ್ಲಿ. ತೀರ್ಪು ಒಂದು ಪುಟವೂ ತುಂಬದಷ್ಟು ಚಿಕ್ಕದು. ಆರೋಪಿಗೆ ಇಂದು ಯಾವ ದಿನ, ತಾನು ಎಲ್ಲಿದ್ದೇನೆ ಎಂದು ತಿಳಿದಿದ್ದರೆ ಸಾಲದು. ತನ್ನ ವಕೀಲರೊಂದಿಗೆ ವಿವೇಚನೆಯಿಂದ ಸಮಾಲೋಚಿಸಬಲ್ಲನೇ, ಕಲಾಪವನ್ನು ಅರಿಯಬಲ್ಲನೇ ಎಂದು ನೋಡಬೇಕು. ಹೀಗೆ ಆರೋಪಿಯ ಮನಸ್ಸನ್ನು ಅಳೆಯುವ ತಕ್ಕಡಿಯಲ್ಲಿ ವಕೀಲರೇ ಒಂದು ತಟ್ಟೆಯಾದರು. ಇಲ್ಲಿ ಒಂದು ತೊಡಕಿದೆ. ಸಮಾಲೋಚನೆ ಸಾಧ್ಯವಾಗುತ್ತಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ವಕೀಲರು. ಅದನ್ನು ತೋರಿಸಿಕೊಡಲು ಕಕ್ಷಿದಾರ ತನ್ನೊಡನೆ ಗುಟ್ಟಾಗಿ ಆಡಿದ ಮಾತನ್ನೇ ಬಯಲಿಗಿಡಬೇಕಾದೀತು. ಗುಟ್ಟು ಕಾಯುವುದಾಗಿ ಮಾತು ಕೊಟ್ಟವರೂ ಅವರೇ.

ಒಂದು ಬೆಳಗ್ಗೆಯನ್ನು ಊಹಿಸಿಕೊಳ್ಳಿ. ಅತಿಕ್ರಮ ಪ್ರವೇಶದಂಥ ಸಣ್ಣ ಆರೋಪ. ತಪ್ಪೊಪ್ಪಿಕೊಂಡರೆ ಈಗಾಗಲೇ ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆ ಎಂದು ಪರಿಗಣಿಸಿ ಸಂಜೆಗೆ ಬಿಡುತ್ತೇವೆ ಎನ್ನುತ್ತಾರೆ ಪ್ರಾಸಿಕ್ಯೂಟರ್. ಗೋಡೆಯೊಳಗಿನ ತಂತಿ ತನ್ನ ಮಾತು ಕದ್ದು ಕೇಳುತ್ತಿದೆ ಎನ್ನುತ್ತಾನೆ ಕಕ್ಷಿದಾರ. ವಕೀಲರು ಎದ್ದು ನಿಂತು, ಇವರ ಸಾಮರ್ಥ್ಯದ ಬಗ್ಗೆ ಸಂಶಯವಿದೆ ಎಂದೊಡನೆ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ. ಬಂಧನ ನಿಲ್ಲುವುದಿಲ್ಲ. ಪರೀಕ್ಷೆಗೆ ಕಾಯಬೇಕು, ನಂತರ ಆಸ್ಪತ್ರೆಯ ಹಾಸಿಗೆಗೆ ಕಾಯಬೇಕು. ಅಲ್ಲಿ ಔಷಧದ ಜೊತೆ ಪಾಠವೂ ಇರುತ್ತದೆ: ನ್ಯಾಯಾಧೀಶರ ಕೆಲಸವೇನು, ಪ್ರಾಸಿಕ್ಯೂಟರ್ ಯಾರ ಪರ, ಸಾಕ್ಷಿ ಎಂದರೇನು. ಗುಣಪಡಿಸುವುದು ಈ ಚಿಕಿತ್ಸೆಯ ಗುರಿಯಲ್ಲ, ಕಟಕಟೆಯಲ್ಲಿ ನಿಲ್ಲುವ ಮಟ್ಟಕ್ಕೆ ತಂದರೆ ಮುಗಿಯಿತು. ಸಂಶಯವನ್ನು ನುಂಗಿಕೊಂಡರೆ ಆತ ಸಂಜೆಯೇ ಬಿಡುಗಡೆಯಾಗುತ್ತಾನೆ, ಆದರೆ ತಿಳಿಯದೆ ಒಪ್ಪಿಕೊಂಡ ಅಪರಾಧ ಹೆಸರಿಗೆ ಅಂಟಿರುತ್ತದೆ. ಇದರಲ್ಲಿ ಸರಿಯಾದ ಉತ್ತರ ಒಂದೇ ಎಂದು ಹೇಳುವವರು ಆ ಕೋಣೆಯಲ್ಲಿ ಕುಳಿತವರಲ್ಲ ಎಂದೇ ನನ್ನ ಎಣಿಕೆ.

ಕಾಯುವಿಕೆಯ ವಿರುದ್ಧ ವಕೀಲರು ತಾವೇ ನ್ಯಾಯಾಲಯಕ್ಕೆ ಹೋದದ್ದುಂಟು. ಒರೆಗಾನ್‌ನಲ್ಲಿ ಪಬ್ಲಿಕ್ ಡಿಫೆಂಡರ್ ಸಂಸ್ಥೆಯೊಂದು ವಾದಿಯಾಗಿದ್ದ ಮೊಕದ್ದಮೆಯಲ್ಲಿ, ಇಂಥವರನ್ನು ಏಳು ದಿನದೊಳಗೆ ಜೈಲಿನಿಂದ ಆಸ್ಪತ್ರೆಗೆ ಸೇರಿಸಬೇಕೆಂಬ ಆದೇಶವನ್ನು 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ವಾಷಿಂಗ್ಟನ್ ರಾಜ್ಯದ ಟ್ರೂಬ್ಲಡ್ ಪ್ರಕರಣದಲ್ಲಿ 2015ರಲ್ಲಿ ಗಡುವು ವಿಧಿಸಲಾಯಿತು. ರಾಜ್ಯ ಅದನ್ನು ಮತ್ತೆ ಮತ್ತೆ ಮೀರಿತು. 2023ರಲ್ಲಿ ಫೆಡರಲ್ ನ್ಯಾಯಾಧೀಶರು 10 ಕೋಟಿ ಡಾಲರಿಗೂ ಹೆಚ್ಚು ಹಣ ತೆರುವಂತೆ ಆದೇಶಿಸಿದರು.

ಸಾಮರ್ಥ್ಯ ಇದೆ ಎಂದಾದರೂ ಇಕ್ಕಟ್ಟು ತಪ್ಪುವುದಿಲ್ಲ. ಬಾಂಬ್ ಪಾರ್ಸೆಲ್‌ಗಳಿಂದ ಮೂವರನ್ನು ಕೊಂದ ಗಣಿತಜ್ಞ ಟೆಡ್ ಕಜಿನ್‌ಸ್ಕಿಯ ಪರ ನಿಂತವರು ಫೆಡರಲ್ ಪಬ್ಲಿಕ್ ಡಿಫೆಂಡರ್‌ಗಳಾದ ಕ್ವಿನ್ ಡೆನ್ವಿರ್ ಮತ್ತು ಜೂಡಿ ಕ್ಲಾರ್ಕ್. ಮರಣದಂಡನೆ ತಪ್ಪಿಸಲು ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಆತನ ಮಾನಸಿಕ ಸ್ಥಿತಿಯ ಸಾಕ್ಷ್ಯ. ಹುಚ್ಚ ಎನಿಸಿಕೊಳ್ಳಲು ಕಜಿನ್‌ಸ್ಕಿ ಸುತರಾಂ ಒಪ್ಪಲಿಲ್ಲ. ತನ್ನ ವಾದವನ್ನು ತಾನೇ ಮಂಡಿಸುತ್ತೇನೆ ಎಂದ. ನ್ಯಾಯಾಧೀಶರು ಬಿಡಲಿಲ್ಲ. ಕೊನೆಗೆ 1998ರ ಜನವರಿಯಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆ ಪಡೆದ. ವಕೀಲರು ಪ್ರಾಣ ಉಳಿಸಿದರೋ, ಕಕ್ಷಿದಾರನ ಬಾಯಿ ಕಟ್ಟಿದರೋ? ಎರಡೂ ನಿಜವಿರಬಹುದು. 2008ರ ಎಡ್ವರ್ಡ್ಸ್ ತೀರ್ಪು, ತೀವ್ರ ಅಸ್ವಸ್ಥರ ಮೇಲೆ ರಾಜ್ಯಗಳು ವಕೀಲರನ್ನು ಹೇರಬಹುದು ಎಂದಿತು. 2018ರ ಮೆಕಾಯ್ ತೀರ್ಪು, ಕಕ್ಷಿದಾರ ಬೇಡವೆಂದ ಮೇಲೆ ವಕೀಲರು ಆತನ ಅಪರಾಧವನ್ನು ಒಪ್ಪಿಕೊಳ್ಳುವಂತಿಲ್ಲ ಎಂದಿತು. ಒಂದು ಈ ಕಡೆ ಎಳೆದರೆ ಇನ್ನೊಂದು ಆ ಕಡೆ ಎಳೆಯುತ್ತದೆ.

ಇದನ್ನೆಲ್ಲ ತೂಗಿ ನೋಡಲು ಸಮಯವಾದರೂ ಎಲ್ಲಿದೆ? 1973ರಲ್ಲಿ ರಾಷ್ಟ್ರೀಯ ಆಯೋಗವೊಂದು ಹಾಕಿದ ಮಿತಿ, ಒಬ್ಬ ವಕೀಲರಿಗೆ ವರ್ಷಕ್ಕೆ 150 ಗಂಭೀರ ಪ್ರಕರಣ ಅಥವಾ 400 ಸಣ್ಣ ಪ್ರಕರಣ. ಸಣ್ಣವಾದರೆ ವಾರಕ್ಕೆ ಎಂಟು. ಸೂಟು ತೊಟ್ಟ ಅಪರಿಚಿತರನ್ನು ಕಂಡರೆ ಹೆದರುವ ಮನುಷ್ಯನ ವಿಶ್ವಾಸ ಗಳಿಸಲು ಮೂರ್ನಾಲ್ಕು ಭೇಟಿಯಾದರೂ ಬೇಕು. 1997ರಲ್ಲಿ ಫ್ಲಾರಿಡಾದ ಬ್ರೊವರ್ಡ್ ಕೌಂಟಿಯಲ್ಲಿ, ಅಸ್ವಸ್ಥ ಆರೋಪಿಗಳನ್ನು ಜೈಲಿನ ಬದಲು ಚಿಕಿತ್ಸೆಯತ್ತ ಕಳಿಸುವ ಮಾನಸಿಕ ಆರೋಗ್ಯ ನ್ಯಾಯಾಲಯ ಶುರುವಾಯಿತು. ಅದೇ ವರ್ಷ ಆರಂಭವಾದ ನ್ಯೂಯಾರ್ಕ್‌ನ ಬ್ರಾಂಕ್ಸ್ ಡಿಫೆಂಡರ್ಸ್ ಸಂಸ್ಥೆ ವಕೀಲರ ಪಕ್ಕದಲ್ಲೇ ಸಮಾಜ ಕಾರ್ಯಕರ್ತರನ್ನು ಕೂರಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಮಾದರಿಯಿಂದ ಜೈಲು ಶಿಕ್ಷೆಯ ಸಾಧ್ಯತೆ ಶೇ 16ರಷ್ಟು, ಶಿಕ್ಷೆಯ ಅವಧಿ ಶೇ 24ರಷ್ಟು ತಗ್ಗಿತ್ತು.

ಪಕ್ಕದಲ್ಲಿ ಇನ್ನೊಬ್ಬರು ಏಕೆ ಬೇಕು ಎಂಬುದಕ್ಕೆ ಅದೇ ನಗರದ ರೈಕರ್ಸ್ ದ್ವೀಪದ ಜೈಲನ್ನು ನೋಡಬೇಕು. ಅಲ್ಲಿ ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದವರನ್ನೂ ಬಿಡುಗಡೆಯಾದಾಗ ಬಸ್ಸಿನಲ್ಲಿ ಕ್ವೀನ್ಸ್ ಪ್ಲಾಜಾಕ್ಕೆ ತಂದು, ಬೆಳಗಿನ ಜಾವ ಎರಡರಿಂದ ಆರರ ನಡುವೆ ಇಳಿಸಿ ಹೋಗುತ್ತಿದ್ದರು. ಕೈಯಲ್ಲಿ ಒಂದೂವರೆ ಡಾಲರ್ ಮತ್ತು ಎರಡು ಪ್ರಯಾಣಕ್ಕಾಗುವ ಮೆಟ್ರೊಕಾರ್ಡ್. ಔಷಧವಿಲ್ಲ, ವೈದ್ಯರ ವಿಳಾಸವಿಲ್ಲ. ಬ್ರ್ಯಾಡ್ ಎಚ್. ಎಂಬ ಹೆಸರಿನಲ್ಲಿ 1999ರಲ್ಲಿ ಹೂಡಿದ ದಾವೆ 2003ರಲ್ಲಿ ರಾಜಿಯಾದ ಮೇಲೆ, ಬಿಡುಗಡೆಗೆ ಮುನ್ನ ಔಷಧ ಮತ್ತು ಮುಂದಿನ ಚಿಕಿತ್ಸೆಯ ಏರ್ಪಾಡು ಮಾಡುವುದು ನಗರದ ಹೊಣೆಯಾಯಿತು. ಅಲ್ಲಿಯವರೆಗೆ, ವಕೀಲರು ಗೆದ್ದುಕೊಟ್ಟ ಬಿಡುಗಡೆ ತಲುಪುತ್ತಿದ್ದುದು ಆ ಬಸ್ ನಿಲ್ಲುತ್ತಿದ್ದ ಜಾಗಕ್ಕೆ.