ಸುರಿಮಿಯ ದರ್ಜೆ ತೀರ್ಮಾನವಾಗುವ ಮೇಜು

ಮಂಗಳೂರು, ಮಲ್ಪೆಯ ದಕ್ಕೆಗಳಲ್ಲಿ ಟ್ರಾಲ್ ಬೋಟಿನಿಂದ ಇಳಿಯುವ ರಾಣಿ ಮೀನು ಬಹಳಷ್ಟು ಸುರಿಮಿ ಕಾರ್ಖಾನೆಗಳ ಪಾಲಾಗುತ್ತದೆ. ಸುರಿಮಿ ಎಂದರೆ ತೊಳೆದು ಹಿಂಡಿದ ಮೀನಿನ ಮಾಂಸದ ಬಿಳಿ ಮುದ್ದೆ. ಏಡಿಯ ರುಚಿಯ ಕಡ್ಡಿ, ಮೀನಿನ ಉಂಡೆಗಳೆಲ್ಲ ಇದರಿಂದಲೇ ಆಗುವುದು. ಬೂತಾಯಿ (ಸಾರ್ಡಿನ್) ಮೀನಿನಲ್ಲಿ ಎಣ್ಣೆಯೂ ಕಪ್ಪು ಮಾಂಸವೂ ಹೆಚ್ಚು, ಅದರಿಂದ ಇಷ್ಟು ಬೆಳ್ಳಗಿನ ಮುದ್ದೆ ಸಿಗುವುದಿಲ್ಲ.

ಕಾರ್ಖಾನೆಯೊಳಗೆ ಯಂತ್ರಗಳೇ ಕಣ್ಣಿಗೆ ಬೀಳುತ್ತವೆ. ಆದರೆ ಹೆಚ್ಚು ಕೈಗಳು ದುಡಿಯುವುದು ಮೊದಲ ಮೇಜಿನಲ್ಲಿ. ಅಲ್ಲಿ ಹೆಚ್ಚಿನವರು ಹೆಂಗಸರು. ತಲೆ ಕತ್ತರಿಸಿ, ಕರುಳು ತೆಗೆದು, ಬೆನ್ನೆಲುಬಿಗೆ ಅಂಟಿದ ರಕ್ತವನ್ನು ಕೆರೆದು ತೊಳೆಯುತ್ತಾರೆ. ರಕ್ತ ಉಳಿದರೆ ಮುದ್ದೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕರುಳಿನ ಚೂರು ಉಳಿದರೆ ಇನ್ನೂ ಕೆಟ್ಟದ್ದು: ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಅದರಲ್ಲಿವೆ. ಮುಂದೆ ಸುರಿಮಿಯನ್ನು ಬೇಯಿಸುವಾಗ 50–60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅವು ಚುರುಕಾಗಿ, ಗಟ್ಟಿಯಾಗಬೇಕಾದ ಮುದ್ದೆಯನ್ನು ಪುಡಿಪುಡಿ ಮಾಡುತ್ತವೆ.

ನಂತರ 3ರಿಂದ 5 ಮಿ.ಮೀ. ತೂತುಗಳ ಉರುಳೆಗೆ ಮೀನನ್ನು ಒತ್ತಿದಾಗ ಮಾಂಸ ಒಳಗೆ ಸೇರಿ, ಮುಳ್ಳು, ಚರ್ಮ ಹೊರಗುಳಿಯುತ್ತವೆ. ಈ ಮಾಂಸವನ್ನು 10 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಎರಡು-ಮೂರು ಸಲ ತೊಳೆಯಬೇಕು. ರಕ್ತ, ಕೊಬ್ಬು, ನೀರಿನಲ್ಲಿ ಕರಗುವ ಪ್ರೋಟೀನುಗಳು ಹೋಗಿ, ಹಿಡಿತ ಕೊಡುವ ಮಯೋಸಿನ್ ಎಂಬ ಪ್ರೋಟೀನು ಉಳಿಯುತ್ತದೆ. ಕರಾವಳಿಯ ನಲ್ಲಿ ನೀರು ಇದಕ್ಕೆ ತೀರಾ ಬೆಚ್ಚಗೆ, ಹಾಗಾಗಿ ನೀರು ತಣಿಸುವ ಯಂತ್ರ ಕೈಕೊಟ್ಟರೆ ಇಡೀ ಪಾಳಿಯ ಸರಕು ಕೆಳದರ್ಜೆಗೆ ಇಳಿಯಬಹುದು. ತೊಳೆದಷ್ಟೂ ಮಾಂಸ ನೀರು ಹೀರಿ ಊದುತ್ತದೆ. ಕೊನೆಯ ನೀರಿಗೆ ಶೇ. 0.2–0.3 ಉಪ್ಪು ಹಾಕುವುದು ಅದಕ್ಕೇ, ಆಗ ಹಿಂಡಲು ಸುಲಭ.

ಹಿಂಡಿದ ಮೇಲೆ ಸಕ್ಕರೆ, ಸಾರ್ಬಿಟಾಲ್ (ಸಕ್ಕರೆಯಂಥ ಇನ್ನೊಂದು ಸಿಹಿ ವಸ್ತು) ಸೇರಿ ಶೇ. 8ರಷ್ಟು, ಜೊತೆಗೆ ಸ್ವಲ್ಪ ಫಾಸ್ಫೇಟ್. ಸಿಹಿಗಾಗಿ ಅಲ್ಲ! ಹೆಪ್ಪುಗಟ್ಟುವಾಗ ಮಂಜುಗಡ್ಡೆ ಪ್ರೋಟೀನಿನ ಸುತ್ತಲ ನೀರನ್ನು ಎಳೆದುಕೊಳ್ಳುತ್ತದೆ, ಪ್ರೋಟೀನು ಗಂಟುಕಟ್ಟುತ್ತದೆ. ಸಕ್ಕರೆ ಅದನ್ನು ತಡೆಯುತ್ತದೆ. 1960ರ ಸುಮಾರಿಗೆ ಜಪಾನಿನ ಹೊಕ್ಕೈಡೋದಲ್ಲಿ ಈ ಉಪಾಯ ಸಿಗುವ ತನಕ ಸುರಿಮಿಯನ್ನು ತಾಜಾ ಇರುವಾಗಲೇ ಬಳಸಬೇಕಿತ್ತು. ಇಂದು 10 ಕಿಲೋ ತೂಕದ ಗಟ್ಟಿಗಳಾಗಿ ಹೆಪ್ಪುಗಟ್ಟಿಸಿ, -18 ಡಿಗ್ರಿಗಿಂತ ಕೆಳಗೆ ಇಡುತ್ತಾರೆ.

100 ಕಿಲೋ ಮೀನಿಗೆ ಸುರಿಮಿ ಸುಮಾರು 25–30 ಕಿಲೋ. ತಲೆ, ಮುಳ್ಳು, ಕರುಳು ಫಿಶ್‌ಮೀಲ್ (ಮೀನಿನ ಹಿಟ್ಟು) ಘಟಕಕ್ಕೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರಿತೆಂದರೆ ಕತ್ತರಿಸುವ ಮೇಜೂ ಖಾಲಿ. ಕಿಲೋ ಲೆಕ್ಕದ ಕೂಲಿಯವರಿಗೆ ಇದು ನೇರ ಹೊಡೆತ. ಕೂಲಿಯ ಲೆಕ್ಕದಲ್ಲೇ ಇನ್ನೊಂದು ತೊಡಕಿದೆ: ತೂಕಕ್ಕಷ್ಟೇ ಬೆಲೆಯಾದರೆ, ಕರುಳಿನ ಕೊನೆಯ ಚೂರನ್ನೂ ತೆಗೆಯುವವರ ಬುಟ್ಟಿ ನಿಧಾನ ತುಂಬುತ್ತದೆ. ಆದರೆ ಸುರಿಮಿಯ ದರ್ಜೆ ನಿಂತಿರುವುದು ಆ ಶುಚಿಯ ಮೇಲೂ: ಬೇಯಿಸಿದ ಸುರಿಮಿಯ 3 ಮಿ.ಮೀ. ಬಿಲ್ಲೆಯನ್ನು ನಾಲ್ಕಾಗಿ ಮಡಚಿದರೂ ಬಿರುಕು ಬಿಡದಿದ್ದರೆ ಅದು ಮೇಲ್ದರ್ಜೆ. ಆ ದರ್ಜೆಗೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ಮೊದಲ ಮೇಜಿಗೂ ಬರಬೇಕು.