ಚರ್ಮ ಉಜ್ಜುವ ಉಕ್ಕಿನ ಪಟ್ಟಿ: ಕ್ರಿಯೆ ಅದೇ, ಕಾರಣ ಮಾತ್ರ ಬದಲಾಗುತ್ತಲೇ ಬಂತು

ಹಿಮ್ಮಡಿ ನೋವು, ಮೊಣಕೈ ನೋವು, ಕುತ್ತಿಗೆ ಹಿಡಿತ ಎಂದು ಫಿಸಿಯೋಥೆರಪಿಗೆ ಹೋದರೆ ಈಗ ಹಲವು ಕಡೆ ಹೊಳೆಯುವ ಉಕ್ಕಿನ ಪಟ್ಟಿಯೊಂದನ್ನು ಚರ್ಮದ ಮೇಲೆ ಆಡಿಸುತ್ತಾರೆ. ಐಎಎಸ್‌ಟಿಎಂ (ಉಪಕರಣದ ನೆರವಿನಿಂದ ಮೃದು ಅಂಗಾಂಶವನ್ನು ಸಡಿಲಿಸುವ ಚಿಕಿತ್ಸೆ) ಎಂದು ಇದರ ಹೆಸರು. ಮುಗಿಸುವಾಗ ಕೆಲವರು ‘ಒಳಗಿನ ಗಂಟು ಒಡೆದಿದೆ’ ಎನ್ನುತ್ತಾರೆ. ಇನ್ನು ಕೆಲವರು ಮೂಡಿದ ಕೆಂಪು ಗೆರೆ ತೋರಿಸಿ ‘ನೋಡಿ, ಕೆಲಸ ಮಾಡಿದೆ’ ಎನ್ನುತ್ತಾರೆ. ಈ ಎರಡು ಮಾತುಗಳಿಗೆ ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದ ಹಿನ್ನೆಲೆ ಇದೆ. ಎರಡನ್ನೂ ಇವತ್ತು ಹಾಗೇ ಒಪ್ಪಲು ಬರುವುದಿಲ್ಲ.

ಕೆಂಪು ಗೆರೆಯ ನಂಬಿಕೆ ಚೀನಾದ ಗ್ವಾಶಾದ್ದು. ಎಣ್ಣೆ ಸವರಿ ಎಮ್ಮೆ ಕೊಂಬಿನ ತುಂಡು, ಪಿಂಗಾಣಿ ಚಮಚ ಅಥವಾ ನಾಣ್ಯದಿಂದ ಉಜ್ಜಿದರೆ ದೇಹದೊಳಗೆ ಸಿಕ್ಕಿಕೊಂಡ ದೋಷ ಕೆಂಪು ಚುಕ್ಕೆಗಳಾಗಿ ಹೊರಬೀಳುತ್ತದೆ ಎಂಬುದು ಅಲ್ಲಿನ ತಿಳಿವಳಿಕೆ. ವಿಯೆಟ್ನಾಂ, ಕಾಂಬೋಡಿಯಾ, ಇಂಡೋನೇಷ್ಯಾಗಳಲ್ಲಿ ನೆಗಡಿ ಜ್ವರಕ್ಕೆ ಬೆನ್ನನ್ನು ನಾಣ್ಯದಿಂದ ಉಜ್ಜುವುದು ಮನೆಮದ್ದು. 1975ರ ನಂತರ ವಿಯೆಟ್ನಾಂ ನಿರಾಶ್ರಿತರು ಅಮೆರಿಕಕ್ಕೆ ಬಂದಾಗ ಅಲ್ಲಿನ ವೈದ್ಯರು ಮಕ್ಕಳ ಬೆನ್ನಿನ ಬರೆಗಳನ್ನು ಕಂಡು ಹೆತ್ತವರೇ ಹೊಡೆದಿದ್ದಾರೆಂದು ಅನುಮಾನಿಸಿದರು. ಇದು ಹೊಡೆತದ ಗುರುತಲ್ಲ ಎಂದು ಮಕ್ಕಳ ವೈದ್ಯರ ಪತ್ರಿಕೆಯೊಂದು 1976ರಲ್ಲೇ ವಿವರಿಸಬೇಕಾಯಿತು. ಅಲ್ಲಿ ಆಗುವುದು ಇಷ್ಟೇ: ಚರ್ಮದ ಸೂಕ್ಷ್ಮ ರಕ್ತನಾಳಗಳು ಬಿರಿದು ರಕ್ತ ಜಿನುಗುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 11 ಆರೋಗ್ಯವಂತರ ಮೇಲೆ ಲೇಸರ್ ಸಾಧನದಿಂದ ಅಳೆದಾಗ, ಉಜ್ಜಿದ ಜಾಗದ ಮೇಲ್ಪದರದಲ್ಲಿ ರಕ್ತಸಂಚಾರ ಮೊದಲ ಏಳೂವರೆ ನಿಮಿಷ ನಾಲ್ಕು ಪಟ್ಟು ಏರಿತ್ತು. ಆದರೆ ಈ ಅಳತೆ ಚರ್ಮದ ಮಟ್ಟದ್ದು. ಆಳದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ವಾಸಿಯಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಗದು.

‘ಗಂಟು ಒಡೆಯುವ’ ಮಾತು ಲಂಡನ್ನಿನಿಂದ ಬಂತು. ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್, ಗಾಯ ಮಾಗುವಾಗ ಎಳೆಗಳು ಅಡ್ಡಾದಿಡ್ಡಿ ಅಂಟಿಕೊಳ್ಳುತ್ತವೆ, ಅವುಗಳಿಗೆ ಅಡ್ಡಲಾಗಿ ಬೆರಳಿನಿಂದ ಆಳವಾಗಿ ತಿಕ್ಕಿದರೆ ಬಿಡಿಸಬಹುದು ಎಂದು ಕಲಿಸಿದರು. ಈ ವಿಧಾನ ಇಪ್ಪತ್ತನೇ ಶತಮಾನದ ಫಿಸಿಯೋಥೆರಪಿಯಲ್ಲಿ ಬೇರೂರಿತು. ಜೊತೆಗೆ ಚಿಕಿತ್ಸಕರ ಹೆಬ್ಬೆರಳ ಕೀಲುಗಳೂ ಸವೆದವು. ಡೇವಿಡ್ ಗ್ರಾಸ್ಟನ್ ಎಂಬ ಅಮೆರಿಕದ ಹವ್ಯಾಸಿ ಕ್ರೀಡಾಪಟು 1987ರಲ್ಲಿ ವಾಟರ್ ಸ್ಕೀಯಿಂಗ್ ಆಡುವಾಗ ಮಂಡಿಗೆ ಪೆಟ್ಟು ಮಾಡಿಕೊಂಡರು. ಮಂಡಿ ಸರಿಯಾಗಿ ಮಡಚದಿದ್ದಾಗ ಬೆರಳಿನ ಕೆಲಸವನ್ನು ಲೋಹಕ್ಕೆ ಒಪ್ಪಿಸುವ ದಾರಿ ಹುಡುಕಿದರು. ಅವರ ಹೆಸರಿನ ಆರು ಸ್ಟೇನ್‌ಲೆಸ್ ಸ್ಟೀಲ್ ಉಪಕರಣಗಳ ಸೆಟ್ ಹುಟ್ಟಿದ್ದು ಹೀಗೆ. ಈ ಬಗೆಯ ಚಿಕಿತ್ಸೆಯ ಮೊದಲ ಸಂಶೋಧನೆಗಳು 1990ರ ದಶಕದಲ್ಲಿ ಇಂಡಿಯಾನಾ ರಾಜ್ಯದ ಮನ್ಸಿ ಊರಿನಲ್ಲಿ ನಡೆದವು.

ಎಲ್ಲರೂ ಉಲ್ಲೇಖಿಸುವ ಪುರಾವೆ ಇಲಿಗಳದ್ದು. 1997ರ ಮತ್ತು 1999ರ ಪ್ರಯೋಗಗಳಲ್ಲಿ ಇಲಿಯ ಹಿಮ್ಮಡಿ ರಜ್ಜುವಿಗೆ ರಾಸಾಯನಿಕದಿಂದ ಗಾಯ ಮಾಡಿ ಲೋಹದಿಂದ ಉಜ್ಜಿದಾಗ ಕೊಲಾಜೆನ್ ಎಂಬ ಪ್ರೋಟೀನ್ ಎಳೆ ನೇಯುವ ಕೋಶಗಳ ಸಂಖ್ಯೆ ಏರಿತು, ಒತ್ತಡ ಹೆಚ್ಚಿದಷ್ಟೂ ಹೆಚ್ಚು ಏರಿತು. 2009ರ ಪ್ರಯೋಗ ಇನ್ನೂ ಅಚ್ಚುಕಟ್ಟು. ಇಲಿಗಳ ಎರಡೂ ಮಂಡಿಗಳ ಅಸ್ಥಿರಜ್ಜುವಿಗೆ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಗಾಯ ಮಾಡಿ, ಒಂದಕ್ಕೆ ಮಾತ್ರ ಒಂದು ವಾರದ ನಂತರ ವಾರಕ್ಕೆ ಮೂರು ಸಲ, ಸಲಕ್ಕೆ ಒಂದು ನಿಮಿಷ ಚಿಕಿತ್ಸೆ ಕೊಟ್ಟರು. ನಾಲ್ಕನೇ ವಾರದಲ್ಲಿ ಚಿಕಿತ್ಸೆಯ ಕಡೆಯ ರಜ್ಜು ಇನ್ನೊಂದು ಕಡೆಯದಕ್ಕಿಂತ ಶೇ 43ರಷ್ಟು ಹೆಚ್ಚು ಗಟ್ಟಿಯಾಗಿತ್ತು. ಪ್ರಚಾರದ ಹಾಳೆಗಳು ಇಲ್ಲಿಗೇ ನಿಲ್ಲುತ್ತವೆ. ಹನ್ನೆರಡನೇ ವಾರಕ್ಕೆ ಎರಡು ಕಾಲುಗಳ ನಡುವೆ ವ್ಯತ್ಯಾಸ ಅತ್ಯಲ್ಪ ಎಂಬುದೂ ಅದೇ ಪ್ರಯೋಗದ ಫಲಿತಾಂಶ. ಚಿಕಿತ್ಸೆಯಿಂದ ಮಾಗುವುದು ಬೇಗ ಆಯಿತು, ಕೊನೆಗೆ ಆದ ರಜ್ಜು ಬೇರೆಯದೇನೂ ಅಲ್ಲ.

ಒಡೆಯುವ ಮಾತಿಗೆ ದೊಡ್ಡ ಪೆಟ್ಟು 2008ರಲ್ಲಿ ಬಿತ್ತು. ತೊಡೆಯ ಹೊರಬದಿಯ ಮತ್ತು ಅಂಗಾಲಿನ ದಪ್ಪ ಫ್ಯಾಶಿಯಾವನ್ನು (ಸ್ನಾಯುಗಳನ್ನು ಸುತ್ತುವ ಗಟ್ಟಿ ಪೊರೆ) ಶೇ 1ರಷ್ಟು ಅದುಮಲು ಅಥವಾ ಸರಿಸಲು ಬೇಕಾದ ಬಲ ಕೈಯಿಂದ ಕೊಡಬಹುದಾದ ಮಿತಿಯನ್ನು ಮೀರಿದ್ದು ಎಂದು ಗಣಿತದ ಮಾದರಿಯೊಂದು ತೋರಿಸಿತು. ಆದರೂ ಉಜ್ಜಿದ ಐದು ನಿಮಿಷದಲ್ಲೇ ಕೀಲು ಹೆಚ್ಚು ಬಾಗುವುದನ್ನು ಚಿಕಿತ್ಸಕರು ದಿನವೂ ನೋಡುತ್ತಾರೆ. ಅಷ್ಟು ಬೇಗ ಅಂಗಾಂಶದ ರಚನೆ ಬದಲಾಗದು. ಸ್ಪರ್ಶ, ಒತ್ತಡಗಳ ಸಂಕೇತದಿಂದ ನರಮಂಡಲ ಆ ಜಾಗದ ಬಿಗಿತವನ್ನೂ ನೋವನ್ನೂ ಸ್ವಲ್ಪ ಹೊತ್ತು ಸಡಿಲಿಸುತ್ತದೆ ಎಂಬುದೇ ಈಗ ಹೆಚ್ಚು ಒಪ್ಪಿತ ವಿವರಣೆ. 2016 ಮತ್ತು 2019ರ ಪರಾಮರ್ಶೆಗಳೂ ಪುರಾವೆ ದುರ್ಬಲ ಎಂದೇ ಹೇಳಿದವು. ಹಾಗಾಗಿ ಇದನ್ನು ವ್ಯಾಯಾಮಕ್ಕೆ ಬಾಗಿಲು ತೆರೆಯುವ ಕೆಲಸ ಎಂದುಕೊಂಡರೆ ತಪ್ಪಿಲ್ಲ. ಇದೊಂದನ್ನೇ ಮಾಡಿ ಬಿಲ್ ಹಾಕುವುದು ತಪ್ಪು.

ಕಾರಣ ಬದಲಾದಾಗ ಕೈಯೂ ಬದಲಾಗಬೇಕು. ಹಿಮ್ಮಡಿ ರಜ್ಜುವಿನ ಹಳೆಯ ನೋವಿಗೆ ಕ್ರಮ ಹೀಗಿರುತ್ತದೆ. ಮೊದಲು 5ರಿಂದ 10 ನಿಮಿಷ ಸೈಕಲ್ ಅಥವಾ ನಡಿಗೆ. ರೋಗಿ ಬೋರಲು ಮಲಗಿ, ಪಾದ ಮಂಚದ ಅಂಚಿನಿಂದ ಹೊರಗಿರಬೇಕು. ಕ್ರೀಮು ತೆಳ್ಳಗೆ ಸಾಕು, ಹೆಚ್ಚಾದರೆ ಪಟ್ಟಿ ಜಾರಿ ಕೆಳಗಿನ ಒರಟುತನ ಕೈಗೆ ತಿಳಿಯುವುದಿಲ್ಲ. ಪಟ್ಟಿಯನ್ನು ಚರ್ಮಕ್ಕೆ 30ರಿಂದ 60 ಡಿಗ್ರಿ ಓರೆಯಾಗಿ ಹಿಡಿದು, ಮೀನಖಂಡದ ಮೇಲೆ ಉದ್ದ ಎಳೆತಗಳಿಂದ ಹಗುರಾಗಿ ಹುಡುಕುತ್ತಾ ಹೋಗಬೇಕು. ನೆಟ್ಟಗೆ ನಿಲ್ಲಿಸಿ ದೋಸೆ ಹೆಂಚು ಕೆರೆದಂತೆ ಎಳೆದರೆ ಚರ್ಮ ತರಚುತ್ತದೆ. ಮರಳು ಮರಳಾಗಿ ತಗಲುವ ಜಾಗದಲ್ಲಿ 30ರಿಂದ 60 ಸೆಕೆಂಡು, ಒಟ್ಟು ಮೂರರಿಂದ ಐದು ನಿಮಿಷ ಸಾಕು. ಹಿಮ್ಮಡಿ ಮೂಳೆಯ ಏಣಿನ ಮೇಲೆ ಒತ್ತಬಾರದು. ಚರ್ಮ ನಸುಗೆಂಪಾದರೆ ನಿಲ್ಲಿಸಬೇಕು. ಗ್ವಾಶಾದಲ್ಲಿ ಗುರಿಯಾಗಿದ್ದ ಕಡುಗೆಂಪು ಚುಕ್ಕೆ ಇಲ್ಲಿ ಒತ್ತಡ ಅತಿಯಾಯಿತೆಂಬ ಸೂಚನೆ.

ಕೂಡಲೇ ಮೀನಖಂಡ ಹಿಗ್ಗಿಸುವ ವ್ಯಾಯಾಮ 30 ಸೆಕೆಂಡಿನಂತೆ ಮೂರು ಸಲ. ಮನೆಯಲ್ಲಿ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು: 15ರ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ. ನೋವು ರಜ್ಜು ಮೂಳೆಗೆ ಸೇರುವ ಕಡೆಯೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು. ಉಜ್ಜುವುದು ವಾರಕ್ಕೆ ಎರಡು ಸಲ ಮೀರದಿರಲಿ.

ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಉಬ್ಬಿದ ರಕ್ತನಾಳ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಶಂಕೆ, ಮಾಗದ ಮೂಳೆಮುರಿತ, ತೆರೆದ ಗಾಯ ಇರುವವರು ಮೊದಲೇ ಹೇಳಬೇಕು. ಹೇಳುವ ತನಕ ಕಾಯದೆ ಚಿಕಿತ್ಸಕರೇ ಕೇಳಬೇಕು. ಪ್ರತಿ ರೋಗಿಯ ನಂತರ ಪಟ್ಟಿಯನ್ನು ತೊಳೆದು ಸೋಂಕುನಾಶಕದಲ್ಲಿ ಶುಚಿಗೊಳಿಸಬೇಕು. ಉಕ್ಕು ಆಟೋಕ್ಲೇವ್ (ಒತ್ತಡದ ಬಿಸಿ ಆವಿಯಲ್ಲಿ ರೋಗಾಣು ಕೊಲ್ಲುವ ಯಂತ್ರ) ತಡೆಯುತ್ತದೆ, ಕೊಂಬು ತಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಕೊಂಡ ಅಗ್ಗದ ಪಟ್ಟಿಯ ಅಂಚನ್ನು ಹತ್ತಿ ಉಂಡೆಯಿಂದ ಸವರಿ ನೋಡಿ: ಎಳೆ ಸಿಕ್ಕಿಕೊಂಡರೆ ಅಂಚು ಒರಟಾಗಿದೆ, ಅದನ್ನು ಬಳಸಬೇಡಿ.

ಫಲ ಸಿಕ್ಕಿತೇ ಎಂದು ತಿಳಿಯಲು ಗೋಡೆ ಸಾಕು. ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗುವಂತೆ ಬಾಗಿ, ಕಾಲಿನ ಹೆಬ್ಬೆರಳಿಗೂ ಗೋಡೆಗೂ ನಡುವಿನ ಅತಿ ಹೆಚ್ಚಿನ ಅಂತರವನ್ನು ಸೆಂಟಿಮೀಟರಿನಲ್ಲಿ ಬರೆದಿಡಿ. ಎರಡೂ ಕಾಲಿನದು ಬೇಕು, ಚಿಕಿತ್ಸೆಗೆ ಮೊದಲು, ನಂತರ ಮತ್ತು ಮುಂದಿನ ಭೇಟಿಯಲ್ಲಿ. ಕೊನೆಯ ಅಳತೆಯೇ ಮುಖ್ಯ. ಐದಾರು ಸಲವಾದರೂ ಅದು ಕದಲದೆ, ಬೆಳಗಿನ ಮೊದಲ ಹೆಜ್ಜೆಯ ನೋವೂ ಇಳಿಯದಿದ್ದರೆ ಪಟ್ಟಿ ಬದಿಗಿಟ್ಟು, ಕೀಲಿನೊಳಗಿನ ತೊಂದರೆಯೋ ಸೊಂಟದಿಂದ ಇಳಿದ ನರದ ನೋವೋ ಎಂದು ಪರೀಕ್ಷಿಸಬೇಕು.