ಸುಶಿ ಪಕ್ಕದ ಹಸಿರು ಎಲೆ ಬರೀ ಚೆಂದಕ್ಕಲ್ಲ

ಜಪಾನಲ್ಲಿ ಸೂಪರ್‌ಮಾರ್ಕೆಟಿಂದ ಸುಶಿ (ವಿನೆಗರ್ ಬೆರೆಸಿದ ಅನ್ನಕ್ಕೆ ಮೀನು ಗೀನು ಜೋಡಿಸಿದ ತಿಂಡಿ) ಪ್ಯಾಕ್ ತಂದವರೆಲ್ಲ ನೋಡಿರ್ತಾರೆ, ಒಳಗಡೆ ಹುಲ್ಲಿನ ತರ ಕತ್ತರಿಸಿದ ಹಸಿರು ಪ್ಲಾಸ್ಟಿಕ್ ಚೂರು ಒಂದಿರುತ್ತೆ, ಅದಕ್ಕೆ ಬರನ್ ಅಂತಾರೆ. ಜಪಾನೀಸ್ ಅಡುಗೇನೇ ನನ್ನ ಕಸುಬು, ಹಾಗಾಗಿ ನಮ್ಮ ಕಡೆಯವ್ರು ಸಿಕ್ಕಾಗೆಲ್ಲ ಕೇಳ್ತಾರೆ, ಅದನ್ನ ಯಾಕ್ರೀ ಇಡ್ತೀರಿ, ತಿನ್ನೋಕಾಗಲ್ಲ ಏನಿಲ್ಲ ಅಂತ. ಅದರ ಮೊದಲ ಕೆಲಸ ತಡೆಯೋದು. ಸೋಯಾ ಸಾಸಲ್ಲಿ ಬೇಯಿಸಿದ ತರಕಾರಿ ರಸ ಪಕ್ಕದ ಆಮ್ಲೆಟ್‌ಗೆ ಹರಿದ್ರೆ, ವಿನೆಗರಲ್ಲಿ ನೆನೆಸಿದ ಮೀನಿನ ವಾಸನೆ ಟ್ಯೂನಾಗೆ ಹತ್ತಿದ್ರೆ, ಎರಡರ ರುಚೀನೂ ಹೋಯ್ತು.

ಈ ಪ್ಲಾಸ್ಟಿಕ್ ಬರೋಕೆ ಮುಂಚೆ ಅಲ್ಲಿ ಇರ್ತಿದ್ದಿದ್ದು ನಿಜವಾದ ಎಲೆ. ಹರನ್ ಅನ್ನೋ ಗಿಡದ ಉದ್ದನೆ ದಪ್ಪ ಎಲೆ, ಇಲ್ಲಾಂದ್ರೆ ಸಸ ಅನ್ನೋ ಬಿದಿರು ಜಾತಿ ಎಲೆ. ಒಳ್ಳೆ ಸುಶಿ ಅಂಗಡಿಗಳಲ್ಲಿ ಈಗ್ಲೂ ಇದನ್ನೇ ಕುಯ್ತಾರೆ. ಎಲೇನ ಒದ್ದೆ ಬಟ್ಟೇಲಿ ಒರೆಸಿ, ನಡುನರದ ಮೇಲೆ ಉದ್ದಕ್ಕೆ ಮಡಚಿ, ಚಾಕು ತುದಿಯಿಂದ ಒಂದೇ ಕಡೆ ಗೀರ್ತಾ ಹೋಗ್ಬೇಕು, ಬಿಡಿಸಿದಾಗ ಎರಡೂ ಕಡೆ ಸರಿಸಮ ಬಂದು ಕೊಕ್ಕರೆನೋ ಸಿಗಡಿನೋ ಆಗಿ ಎದ್ದು ನಿಲ್ಲುತ್ತೆ, ಆದ್ರೆ ಚಾಕು ಒಂದು ಕೂದಲೆಳೆ ಜಾಸ್ತಿ ಓಡಿದ್ರೂ ಕುತ್ತಿಗೆ ಕಡಿದು ಬೀಳುತ್ತೆ.

ಎಲೆ ಮಾಡೋ ಇನ್ನೊಂದು ಕೆಲಸ ಆ ಪ್ಲಾಸ್ಟಿಕ್ ಚೂರಿಗೆ ಬರಲ್ಲ. ಸಸ ಎಲೆಗೂ ಸಾಶಿಮಿ (ಹಸಿ ಮೀನಿನ ಹೋಳು) ಕೆಳಗಿಡೋ ಶಿಸೊ ಅನ್ನೋ ಪುದೀನ ಜಾತಿ ಎಲೆಗೂ ಬ್ಯಾಕ್ಟೀರಿಯಾ ಬೆಳೆಯೋದನ್ನ ಸ್ವಲ್ಪ ತಡೆಯೋ ಗುಣ ಇದೆ, ಜೊತೆಗೆ ಘಮ ಬೇರೆ. ತೊಯಾಮಾದಲ್ಲಿ ಟ್ರೌಟ್ ಸುಶೀನ ದುಂಡನೆ ಮರದ ಡಬ್ಬೀಲಿ ಸಸ ಎಲೆ ಹಾಸಿ ಒತ್ತಿಡ್ತಾರೆ, ನಾರಾದಲ್ಲಿ ಉಪ್ಪು ಹಾಕಿದ ಮೀನಿನ ಸುಶೀನ ಪರ್ಸಿಮನ್ ಎಲೇಲಿ ಸುತ್ತಿಡ್ತಾರೆ. ಹಲಸಿನೆಲೆ ಕೊಟ್ಟೆ ಕಡುಬು ತಿಂದು ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೆ ಯಾವ ಎಲೆ ಅನ್ನೋದ್ರಲ್ಲಿ ತುಂಬಾ ಹುಷಾರಾಗಿರ್ಬೇಕು. 2008ರ ಜೂನಲ್ಲಿ ಇಬರಾಕಿಯ ತ್ಸುಕುಬಾದ ಒಂದು ರೆಸ್ಟೋರೆಂಟಲ್ಲಿ ಅಲಂಕಾರಕ್ಕೆ ಇಟ್ಟಿದ್ದ ಹೈಡ್ರೇಂಜಿಯಾ ಅನ್ನೋ ಹೂಗಿಡದ ಎಲೇನ ತಿಂದು 8 ಜನಕ್ಕೆ ವಾಂತಿ, ತಲೆಸುತ್ತು ಬಂತು, ಅದೇ ತಿಂಗಳು ಒಸಾಕಾದಲ್ಲೂ ಹೀಗೇ ಆಯ್ತು. ಮಳೆಗಾಲ ಅಲ್ವಾ, ಆ ಗಿಡ ಎಲ್ಲಾ ಕಡೆ ನಳನಳಿಸ್ತಿರುತ್ತೆ, ಅಡುಗೆಯವ್ರು ಕಿತ್ತು ಇಟ್ಟಿದ್ದಾರೆ. ತಿಂದೋರದ್ದು ತಪ್ಪು ಅಂತ ನಾನಂತೂ ಹೇಳಲ್ಲ, ಸಕುರಮೋಚಿ ಅನ್ನೋ ಸಿಹಿತಿಂಡಿಗೆ ಸುತ್ತಿದ ಉಪ್ಪಿನಲ್ಲಿ ಹಾಕಿದ ಚೆರ್ರಿ ಎಲೆ ತಿನ್ನೋದೇ, ಕಶಿವಮೋಚಿ ಅನ್ನೋ ಇನ್ನೊಂದು ಸಿಹಿಗೆ ಸುತ್ತಿದ ಓಕ್ ಎಲೆ ತಿನ್ನಲ್ಲ, ಸಾಶಿಮಿ ಮೇಲಿನ ಪುಟ್ಟ ಹಳದಿ ಸೇವಂತಿಗೆ ತಿನ್ಬೋದು, ಕೆಂಪು ಅನ್ನದ ಮೇಲಿಡೋ ನಂತೆನ್ ಅನ್ನೋ ಗಿಡದ ಎಲೆ ತಿನ್ಬಾರ್ದು, ಊಟಕ್ಕೆ ಬಂದೋರಿಗೆ ಇಷ್ಟೆಲ್ಲ ಹೇಗೆ ಗೊತ್ತಾಗ್ಬೇಕು? ವಿಷದ ಎಲೆ ತಟ್ಟೆಗೆ ಬರ್ಲೇಬಾರ್ದು, ಆ ಜವಾಬ್ದಾರಿ ಪೂರ್ತಿ ಕಿಚನ್‌ದು.

ಹಾಗಾಗೇ ಎಲೇನ ಬೆಳೆಯಾಗಿ ಬೆಳೆಸೋರು ಬೇಕಾಗ್ತಾರೆ. ಶಿಕೊಕು ದ್ವೀಪದ ಕಮಿಕತ್ಸು ಅಂತ ಪುಟ್ಟ ಬೆಟ್ಟದೂರು, 1981ರ ಚಳಿಗೆ ಅಲ್ಲಿನ ಕಿತ್ತಳೆ ಜಾತಿ ಮಿಕಾನ್ ಗಿಡಗಳು ಒಣಗಿಹೋದ್ವು. ಊರಿನ ಕೃಷಿ ಸಹಕಾರ ಸಂಘದಲ್ಲಿದ್ದ ತೊಮೊಜಿ ಯೊಕೊಯಿಶಿ 1986ರಲ್ಲಿ ಎಲೆ ಮಾರೋ ವ್ಯಾಪಾರ ಶುರು ಮಾಡಿಸಿದ್ರು, ಇರೊದೊರಿ ಅಂತ ಅದರ ಹೆಸರು. ಈಗ ವಯಸ್ಸಾದ ಅಜ್ಜಿಯರು ಟ್ಯಾಬ್ಲೆಟಲ್ಲಿ ಆರ್ಡರ್ ನೋಡ್ಕೊಂಡು ಮೇಪಲ್, ಪರ್ಸಿಮನ್ ಅಂತ ಕೊಯ್ದು, ಒಂದೇ ಅಳತೆ, ಒಂದೇ ಬಣ್ಣದ್ದನ್ನ ಆರಿಸಿ, ಪ್ಯಾಕ್ ಮಾಡಿ ಕಳಿಸ್ತಾರೆ.

ಪ್ಲಾಸ್ಟಿಕ್ ಬರನ್ ಅಗ್ಗ, ಬಾಡಲ್ಲ, ಸಾವಿರಗಟ್ಲೆ ಬೆಂಟೊ (ಊಟದ ಡಬ್ಬಿ) ಕಟ್ಟೋ ಕಡೆ ಅದನ್ನ ಬಿಡಿ ಅಂದ್ರೆ ಆಗೋ ಮಾತಲ್ಲ. ಮನೇಲಿ ಡಬ್ಬಿ ಕಟ್ಟೋರಿಗೆ ಮಾತ್ರ ನಾನು ಲೆಟ್ಯೂಸಿಗಿಂತ ಶಿಸೊ ಇಡಿ ಅಂತೀನಿ, ಲೆಟ್ಯೂಸ್ ನೀರು ಬಿಡುತ್ತೆ. ಎಲೇನ ತೊಳೆದು ಪೂರ್ತಿ ಒರೆಸಿ, ಅನ್ನ ಆರಿದ ಮೇಲೇನೇ ಮುಚ್ಚಳ ಹಾಕಿ. ಪ್ಲಾಸ್ಟಿಕ್ ಇಟ್ಟಿದ್ರೆ ಮೈಕ್ರೋವೇವ್‌ಗೆ ಹಾಕೋ ಮುಂಚೆ ಮರೀದೆ ತೆಗೀರಿ.